ಒಪ್ಪದವು

ಮುಖ್ಯ ಕಚೇರಿಯಿಂದ ಚೌಕಟ್ಟೊಂದು ಬಂತು,
ಗಾಜು ಹಾಕಿದ್ದು, ನೀಲಿ ಅಕ್ಷರ:
ಸತ್ಯ. ಶ್ರೇಷ್ಠತೆ. ಸಹಯೋಗ.
ಮೊಳೆ ಹೊಡೆಯಲು ಬೇರೆ ಗೋಡೆ ಸಿಕ್ಕದೆ
ಮರ ಉಜ್ಜುವ ಯಂತ್ರದ ನೆತ್ತಿಗೆ ತೂಗುಹಾಕಿದೆವು.
ವಾರ ಕಳೆಯುವುದರೊಳಗೆ
ಸಿಪ್ರೆಸ್ ಹುಡಿ ಕೂತು, ಶ್ರೇಷ್ಠತೆಯ
ಕೊನೆಯ ಅಕ್ಷರವಷ್ಟೇ ಕಾಣುತ್ತಿತ್ತು.
ಯಾರೂ ಒರೆಸಲಿಲ್ಲ. ಬೇಕೆಂದೇ ಅಲ್ಲ.

ವಾಲ್ದಿವಿಯಾದ ಈ ಪ್ರಯೋಗಾಲಯ
ಹಿಂದೆ ಚರ್ಮ ಹದ ಮಾಡುವ ಕೊಟ್ಟಿಗೆ.
ಕಿಟಕಿ ತೆರೆದರೆ ನದಿ; ಮೀನು ಮಾರುಕಟ್ಟೆಯ ಬುಡದಲ್ಲಿ
ತಲೆಗೂ ಬಾಲಕ್ಕೂ ಜಗಳಾಡುವ ಕಡಲಸಿಂಹಗಳು.
ಒಳಗೆ ನಾವು ಆರು ಜನ, ಸೂಕ್ಷ್ಮದರ್ಶಕ ನಾಲ್ಕು,
ಬೆಟ್ಟದ ಮರಗಳಿಂದ ಬೈರಿಗೆಯಲ್ಲಿ ಕೊರೆದು ತಂದ
ಪೆನ್ಸಿಲ್ ದಪ್ಪದ ಕಡ್ಡಿಗಳು.
ಹತ್ತು ಉಂಗುರಕ್ಕೆ ಒಂದು ಚುಕ್ಕಿ,
ಐವತ್ತಕ್ಕೆ ಎರಡು, ನೂರಕ್ಕೆ ಮೂರು:
ಎಣಿಸುವುದೇ ಕಸುಬು.
ಊರವರು ಕೇಳುತ್ತಾರೆ, ಇದಕ್ಕೂ ಸಂಬಳ ಕೊಡುತ್ತಾರೆಯೇ?
ಕೊಡುತ್ತಾರೆ. ತಡವಾಗಿ.

ಕೆಲಸ ಕಲಿಸಿದವನು ಎಲಿಸೆಯೊ ವೆನುಪಾನ್.
ಪದವಿಯಿಲ್ಲ; ಅವನಜ್ಜ ಗರಗಸದ ಮಿಲ್ಲಿನಲ್ಲಿ
ಎರಡು ಬೆರಳು ಬಿಟ್ಟುಬಂದವನು.
ಮೊದಲ ದಿನವೇ ನನ್ನ ಕೈಯ ರಬ್ಬರು ಕಸಿದು
ಕಿಟಕಿಯಾಚೆ ಎಸೆದ.
"ತಪ್ಪಿದರೆ ಒಂದು ಗೀಟು ಎಳೆ.
ಕೆಳಗಿನದು ಓದಲು ಬರಬೇಕು.
ನಾಳೆ ಆ ತಪ್ಪೇ ಸರಿಯೆಂದಾದರೆ
ಎಲ್ಲಿ ಹುಡುಕುತ್ತೀ?"
ಅಷ್ಟೇ ಅವನ ಉಪನ್ಯಾಸ.
ಉಳಿದದ್ದು ಬೂಟಿನ ರಟ್ಟಿನ ಪೆಟ್ಟಿಗೆ,
ಮೇಲೆ ಅವನದೇ ದುಂಡನೆ ಬರಹ: ಒಪ್ಪದವು.
ಲೆಕ್ಕಕ್ಕೆ ಬಗ್ಗದ ಕಡ್ಡಿಗಳ ಮನೆ.
ನಾವು ಎಸೆದದ್ದನ್ನು ಹೆಕ್ಕಿ,
ಮರದ ಹೆಸರು, ತಾರೀಖು ಬರೆದು,
ಎಸೆದವರ ಸಹಿ ಹಾಕಿಸಿ, ಮಲಗಿಸುತ್ತಿದ್ದ.

ನೊಯೆಮಿಯ ಪ್ರಬಂಧ ಅಚ್ಚಾದ ವರ್ಷ
ಪತ್ರಿಕೆಯಲ್ಲಿ ಅವಳ ಪಟ ಬಂತು.
ಒಂಬತ್ತು ಮರ, ಒಂದೇ ಇಳಿಜಾರು, ಒಂದೇ ಮಾತು:
ಮಹಾಬರ ಬಿದ್ದದ್ದು ೧೮೧೩ರಲ್ಲಿ.
ಹತ್ತನೆಯದು, ತೊರೆಯ ಪಕ್ಕದ್ದು,
ಪೆಟ್ಟಿಗೆಯಲ್ಲಿತ್ತು.

ಎರಡು ಚಳಿಗಾಲ ಕಳೆದು ಒಂದು ಮಧ್ಯಾಹ್ನ
ಸೌದೆಯೊಲೆಯ ಪಕ್ಕ ಕಹಿ ಮಾಟೆ ಹೀರುತ್ತ,
ಹೊತ್ತು ಹೋಗದ್ದಕ್ಕೆ ಅದನ್ನು ಹೊರಗೆ ತೆಗೆದು
ಮತ್ತೆ ಉಜ್ಜಿದ, ನುಣುಪು ಮರಳುಕಾಗದದಲ್ಲಿ,
ಕೊನೆಗೆ ಬರೀ ಹೆಬ್ಬೆರಳಲ್ಲಿ.
ಕರೆದ. ಬಗ್ಗಿ ನೋಡಿದೆವು.
ಎರಡು ಉಂಗುರಗಳ ನಡುವೆ
ಕೂದಲೆಳೆಯಷ್ಟು ಕಪ್ಪು.
ಒಂದು ವರ್ಷ.
ಒಂಬತ್ತು ಮರಗಳು ಆ ಸಲ
ಬಾಯಾರಿ, ಏನೂ ಬರೆಯದೆ, ಸುಮ್ಮನೆ ನಿಂತಿದ್ದವು.
ತೊರೆಯ ಪಕ್ಕದ್ದು ಮಾತ್ರ ಹೇಗೋ ಒಂದು ಗೆರೆ ಗೀಚಿತ್ತು.
ಅಲ್ಲಿಂದ ಹಿಂದಕ್ಕೆ ನಮ್ಮ ಇಸವಿಗಳೆಲ್ಲ
ಒಂದೊಂದು ಮೆಟ್ಟಿಲು ಜಾರಿದವು.

ಒಂದು ವರ್ಷ ತಾನೇ, ಅಂದ ಹೊಸ ಹುಡುಗ ಫ್ರೋಯ್ಲಾನ್,
ಇನ್ನೂರು ವರ್ಷದ ಹಿಂದಿನ ಬರಕ್ಕೆ
ಸಾಕ್ಷಿ ಹೇಳಲು ಯಾರು ಎದ್ದು ಬರುತ್ತಾರೆ?
ನೊಯೆಮಿ ಏನೂ ಅನ್ನಲಿಲ್ಲ.
ಹೊರಗೆ ಹೋಗಿ, ಕಡಲಸಿಂಹಗಳ ಎದುರು
ಬಹಳ ಹೊತ್ತು ನಿಂತಿದ್ದು, ಬಂದು,
ತನ್ನ ಪುಸ್ತಕ ತೆರೆದು
೧೮೧೩ರ ಮೇಲೆ ಗೀಟು ಎಳೆದಳು. ತೆಳ್ಳಗೆ.
ಈಗಲೂ ಓದಬಹುದು.

ಪತ್ರ ಬರೆದವರು ಎರ್ಮೆಲಿಂಡಾ ಬಾರಿಯೆಂತೋಸ್,
ನಮ್ಮ ಮುಖ್ಯಸ್ಥೆ; ನಾಲ್ಕೇ ಸಾಲು, ಉಪ್ಪು ಖಾರವಿಲ್ಲ.
ಪ್ರಬಂಧದಲ್ಲಿ ಹುಡುಗಿಯ ಹೆಸರು ಮೊದಲು, ಅವರದು ಕೊನೆಗೆ;
ತಿದ್ದುಪಡಿಯಲ್ಲಿ ಅವರದು ಮೊದಲು.
"ಹಾರ ಹಾಕುವಾಗ ಒಂದು ಸಾಲು,
ಕಲ್ಲು ಬೀಳುವಾಗ ಇನ್ನೊಂದು" ಎಂದು ಕನ್ನಡಕ ಒರೆಸಿದರು.
ನಡುವೆ ಎಲಿಸೆಯೊನ ಹೆಸರು.
ಹೇಳಿದ್ದು ಕಡ್ಡಿ, ನಾನಲ್ಲ, ಬೇಡ, ಅಂದ ಅವನು.
"ಒಪ್ಪದಿದ್ದರೆ ನಿನ್ನನ್ನೂ ಪೆಟ್ಟಿಗೆಗೆ ಹಾಕುತ್ತೇನೆ."
ನಕ್ಕವರು ಅವರಿಬ್ಬರೇ.

ಆ ವರ್ಷ ಅನುದಾನ ಬರಲಿಲ್ಲ.
ಒಲೆಗೆ ಸೌದೆ ನಾವೇ ಹೊತ್ತೆವು.
ಬೇಸಿಗೆಗೆ ಮುಖ್ಯ ಕಚೇರಿಯವರು ತಪಾಸಣೆಗೆ ಬಂದು
ಚೌಕಟ್ಟು ಕಂಡು ಮುಖ ಗಂಟಿಕ್ಕಿ
ಕರವಸ್ತ್ರ ತೆಗೆದು ತಾವೇ ಒರೆಸಿದರು,
ಮೂರೂ ಪದ, ಮೂಲೆಮೂಲೆ.
ಎಲಿಸೆಯೊ ಸೌಜನ್ಯಕ್ಕೆ ಕಾದ.
ಆಮೇಲೆ ಯಂತ್ರ ಚಾಲೂ ಮಾಡಿದ.